ಎದುರುಮನೆಯಲ್ಲಿ ಉಳಿದ ಪ್ರಸ್ಥಾನದ ಚೀಲ

ಕಳೆದ ವರ್ಷದ ದಸರಾ ರಜೆ ಹತ್ತಿರ ಬಂದಿತ್ತು. ಇಬ್ಬರು ಚಿಕ್ಕ ಮಕ್ಕಳನ್ನು ಕರೆದುಕೊಂಡು ರೈಲಿನಲ್ಲಿ ನಾಲ್ಕಾರು ಊರು ಸುತ್ತಿ ಬರಲು ಸಾಧ್ಯವೇ, ಸಾಧ್ಯವಾದರೆ ಹೇಗೆ ಎಂಬ ಒಂದೇ ಚರ್ಚೆ ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ದಿನವೂ ನಡೆಯುತ್ತಿತ್ತು. ಮೊಮ್ಮಗಳು ಚಿನ್ಮಯಿಗೆ ಆರು ವರ್ಷ, ಮೊಮ್ಮಗ ಧ್ರುವನಿಗೆ ಮೂರು. ಇಬ್ಬರೂ ರೈಲನ್ನು ಗೇಟಿನಾಚೆಯಿಂದ ನೋಡಿ ಕೈ ಬೀಸಿದ್ದರೇ ಹೊರತು ಹತ್ತಿರಲಿಲ್ಲ.

ನಾನು ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕನಾಗಿದ್ದು ನಿವೃತ್ತನಾದವನು. ಯಾವ ಗಾಡಿ ಯಾವಾಗ ಹೊರಡಬೇಕು, ತಡವಾದರೆ ಯಾರನ್ನು ಕೇಳಬೇಕು ಎಂಬುದರಲ್ಲೇ ಆಯುಷ್ಯ ಕಳೆದವನು. ಆದ್ದರಿಂದ ಪ್ರವಾಸದ ಯೋಜನೆ ನನ್ನ ಹೊಣೆ ಎಂದು ಭಾವಿಸಿದ್ದರಲ್ಲಿ ತಪ್ಪೇನಿರಲಿಲ್ಲ. ಹಿಂದೂಪುರ, ಗುಂತಕಲ್, ಬಳ್ಳಾರಿ, ಹೊಸಪೇಟೆ, ಗದಗ, ಹುಬ್ಬಳ್ಳಿ: ದಿನಕ್ಕೊಂದು ಊರಿನಂತೆ ಚೊಕ್ಕವಾಗಿ ಜೋಡಿಸಿ, ಒಂದು ಭಾನುವಾರ ಊಟವಾದ ಮೇಲೆ ಎಲ್ಲರ ಮುಂದೆ ವಿವರಿಸಿದೆ. ಮಗ ಮಂಜುನಾಥ ತಲೆಯಾಡಿಸಿದ. ಸೊಸೆ ಸುಮಾ, ಹತ್ತಿರದ ವಿಜಯಪುರದ ರೇಷ್ಮೆ ನೂಲು ಹುರಿ ಮಾಡುವವರ ಮನೆಯ ಹೆಣ್ಣುಮಗಳು, ಧ್ರುವನಿಗೆ ಅನ್ನ ತಿನ್ನಿಸುತ್ತಲೇ ಹೇಳಿದಳು.

"ಮಾವ, ದಿನಕ್ಕೊಂದು ಊರು ಅಂದ್ರೆ ಮಕ್ಕಳು ಊರು ನೋಡಲ್ಲ. ನಾವು ಬ್ಯಾಗ್ ಕಟ್ಟೋದು ಬಿಚ್ಚೋದು ನೋಡ್ತಾ ಕೂತಿರ್ತಾವೆ."

"ಹಾಗಾದರೆ ನೀನೇ ಹೇಳಮ್ಮ" ಎಂದೆ. ಆ ಮಾತನ್ನು ಯಾವ ಧ್ವನಿಯಲ್ಲಿ ಹೇಳಿದೆನೆಂಬುದು ಮನೆಯವರಿಗೆಲ್ಲ ಅರ್ಥವಾಯಿತು, ಅವಳೊಬ್ಬಳನ್ನು ಬಿಟ್ಟು.

ಅವಳು ನಿಜಕ್ಕೂ ಹೇಳಿದಳು. ಊರು ಮೂರೇ: ಹಿಂದೂಪುರ, ಬಳ್ಳಾರಿ, ಹೊಸಪೇಟೆ. ಪ್ರತಿ ಊರಿನಲ್ಲಿ ಎರಡು ರಾತ್ರಿ. ಪ್ರಯಾಣವೆಲ್ಲ ಹಗಲಿನಲ್ಲಿ. ಮಧ್ಯಾಹ್ನ ಮಕ್ಕಳು ಮಲಗುವ ಹೊತ್ತಿನಲ್ಲಿ ಯಾವ ದೇವಸ್ಥಾನಕ್ಕೂ ಹೋಗುವಂತಿಲ್ಲ. ಧ್ರುವನಿಗೆ ಧೂಳು ತಾಗಿದರೆ ಉಬ್ಬಸ ಬರುತ್ತದೆ, ಅವನ ಔಷಧಿ ಸದಾ ಕೈಗೆ ಸಿಗುವಂತಿರಬೇಕು. ಒಂದು ದಿನ ಏನನ್ನೂ ನೋಡದೆ ಸುಮ್ಮನಿರಬೇಕು. ಏನನ್ನೂ ನೋಡದಿರುವುದಕ್ಕೆ ಬಳ್ಳಾರಿಯವರೆಗೆ ಏಕೆ ಹೋಗಬೇಕೆಂದು ನಾನು ಕೇಳಲಿಲ್ಲ. ಆದರೆ ಆ ಭಾನುವಾರವನ್ನು ಮರೆತೂ ಇಲ್ಲ.

ನಾನು ಇಂಥವನ್ನು ಮರೆಯುವವನಲ್ಲ ಎಂಬುದಕ್ಕೆ ಇನ್ನೊಂದು ಸಾಕ್ಷಿ ನಮ್ಮ ಎದುರುಮನೆಯಲ್ಲಿಯೇ ಇದೆ. ಅದು ರಾಮಾಂಜಿನಪ್ಪನ ಮನೆ. ದೊಡ್ಡಬೆಳವಂಗಲದ ಕಡೆಯ ದ್ರಾಕ್ಷಿ ಬೆಳೆಗಾರ. ಒಂದು ಕಾಲದಲ್ಲಿ ನನ್ನ ಜೀವದ ಗೆಳೆಯ. ನಮ್ಮ ಮಕ್ಕಳು ಚಿಕ್ಕವರಿದ್ದಾಗ, ಅಂದರೆ ಮೂವತ್ತೈದು ವರ್ಷಗಳ ಆಚೆಗೆ, ಎರಡೂ ಸಂಸಾರಗಳು ಕೂಡಿ ಇದೇ ರೈಲಿನ ದಾರಿಯಲ್ಲಿ ಹುಬ್ಬಳ್ಳಿಯವರೆಗೆ ಹೋಗಿಬರುವುದೆಂದು ಮಾತಾಗಿತ್ತು. ತಿಂಗಳುಗಟ್ಟಲೆ ಅದನ್ನೇ ಮಾತನಾಡಿಕೊಂಡಿದ್ದೆವು. ಸಂಜೆ ಕೆಲಸ ಮುಗಿಸಿ ನಿಲ್ದಾಣದ ಹಿಂದಿನ ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತು, ಯಾವ ಸ್ಟೇಷನ್ನಿನಲ್ಲಿ ಏನು ತಿನ್ನುವುದು, ಮಕ್ಕಳಿಗೆ ಕಿಟಕಿಯ ಜಾಗವನ್ನು ಹೇಗೆ ಹಂಚುವುದು ಎಂದು ತೀರ್ಮಾನಿಸುತ್ತಿದ್ದೆವು. ಅಂಥ ಸಂಜೆಗಳು ಮತ್ತೆ ನನ್ನ ಬಾಳಿನಲ್ಲಿ ಬರಲಿಲ್ಲ. ಅವನ ಮನೆಯವರ ಟಿಕೆಟ್ಟನ್ನೂ ನಾನೇ ತೆಗೆಸಿಟ್ಟಿದ್ದೆ.

ಹೊರಡುವ ದಿನ ಅವರು ಬರಲಿಲ್ಲ. ಒಂದು ಮಾತು ಹೇಳಿಕಳಿಸಲೂ ಇಲ್ಲ. ನಾನು ರೈಲಿನ ಬಾಗಿಲಿನಲ್ಲಿ ನಿಂತು, ಪ್ಲಾಟ್‌ಫಾರಂ ಕಣ್ಮರೆಯಾಗುವವರೆಗೂ ನೋಡಿದೆ. "ರಾಮಾಂಜಿ ಮಾಮ ಎಲ್ಲಿ?" ಎಂದು ಮಂಜುನಾಥ ಪ್ರತಿ ಸ್ಟೇಷನ್ನಿನಲ್ಲಿಯೂ ಕೇಳಿದ. ಗುಂತಕಲ್ಲಿನಲ್ಲಿ ಗಾಡಿ ಬದಲಿಸುವಾಗಲೂ ಕೇಳಿದ. ಆ ಪ್ರವಾಸದಲ್ಲಿ ನಾವು ನೋಡಿದ್ದೇನೆಂದು ಕೇಳಿದರೆ ಇಂದು ನನಗೆ ಹೇಳಲು ಬಾರದು. ಎದುರಿಗಿದ್ದ ಅವರ ಜಾಗದಲ್ಲಿ ಯಾರು ಯಾರೋ ಬಂದು ಕುಳಿತದ್ದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

ಅಂದಿನಿಂದ ನಾನು ಅವನೊಡನೆ ಮಾತು ಬಿಟ್ಟೆ. ಹನ್ನೆರಡು ವರ್ಷಗಳ ಹಿಂದೆ ಅವನು, ಊರಿನಲ್ಲಿ ಅಷ್ಟೊಂದು ನಿವೇಶನಗಳಿದ್ದರೂ, ನಮ್ಮ ಎದುರಿಗೇ ಒಂದನ್ನು ಕೊಂಡು ಮನೆ ಕಟ್ಟಿಸಿದ. ಗೃಹಪ್ರವೇಶದ ಆಮಂತ್ರಣ ಪತ್ರಿಕೆಯನ್ನು ಒಳಗೆ ಬಂದು ಕೊಡದೆ ಗೇಟಿಗೆ ಸಿಕ್ಕಿಸಿ ಹೋದ. ಅದನ್ನೂ ನೆನಪಿನಲ್ಲಿಟ್ಟಿದ್ದೇನೆ.

ಈಗ ಪ್ರವಾಸಕ್ಕೆ ಬರುತ್ತೇನೆ. ನಾವು ಹೊರಡಬೇಕಿದ್ದದ್ದು ಮಂಗಳವಾರ ಬೆಳಿಗ್ಗೆ. ಮಂಗಳವಾರ ಉತ್ತರ ದಿಕ್ಕಿಗೆ ಶೂಲ, ಆ ಕಡೆ ಪ್ರಯಾಣ ಕೂಡದೆಂದು ನನ್ನ ಹೆಂಡತಿ ಜಯಮ್ಮ ಹಟ ಹಿಡಿದಳು. ಟಿಕೆಟ್ ಬದಲಿಸಲಾಗುವುದಿಲ್ಲ ಎಂದೆ. ಅವಳು ಮತ್ತೆ ಆ ಮಾತೆತ್ತದಿದ್ದುದನ್ನು ಕಂಡು ನನಗೆ ಆಶ್ಚರ್ಯವಾಗಬೇಕಿತ್ತು. ಆಗಲಿಲ್ಲ.

ನಮ್ಮಲ್ಲಿ ಪ್ರಸ್ಥಾನ ಇಡುವುದೆಂದು ಒಂದು ಪದ್ಧತಿಯಿದೆ. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ ಅದಕ್ಕೆ ಮೊದಲೇ, ಒಳ್ಳೆಯ ಗಳಿಗೆಯಲ್ಲಿ, ಪ್ರಯಾಣದ ಒಂದು ಗಂಟನ್ನು ಹೊರಡುವ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಟ್ಟು ಬರುತ್ತಾರೆ. ಅಲ್ಲಿಗೆ ಪ್ರಯಾಣ ಆಗಲೇ ಆರಂಭವಾದಂತೆ. ಮರುದಿನ ಹೋಗುವಾಗ ಆ ಗಂಟನ್ನು ಎತ್ತಿಕೊಂಡರಾಯಿತು. ಗಂಟಿನಲ್ಲಿ ಬೇಡದ್ದನ್ನು ಇಡುವಂತಿಲ್ಲ; ಪ್ರಯಾಣಕ್ಕೆ ಬೇಕೇ ಬೇಕಾದದ್ದನ್ನು ಇಟ್ಟರೆ ಮಾತ್ರ ಫಲ. ಜಯಮ್ಮ ಶಾಸ್ತ್ರವನ್ನು ಅರ್ಧಂಬರ್ಧ ಮಾಡುವವಳಲ್ಲ. ಸೋಮವಾರ ಸಂಜೆ ನಾನು ವಾಕಿಂಗ್ ಹೋಗಿದ್ದಾಗ ಅವಳು ಒಂದು ಕೆಂಪು ಚೀಲವನ್ನು ಉತ್ತರಕ್ಕಿದ್ದ ಎದುರುಮನೆಗೆ ಕೊಂಡೊಯ್ದು, ರಾಮಾಂಜಿನಪ್ಪನ ಹೆಂಡತಿ ಗಂಗಮ್ಮನ ಕೈಯಲ್ಲಿ ಕೊಟ್ಟು ಬಂದಿದ್ದಳು.

ಮಂಗಳವಾರ ಬೆಳಿಗ್ಗೆ ನಾನು ಗೇಟಿನ ಬಳಿ ನಿಂತು ಒಂದೊಂದೇ ಸಾಮಾನನ್ನು ಪರಿಶೀಲಿಸಿ ಆಟೋಗೆ ಏರಿಸುತ್ತಿದ್ದೆ. ಜಯಮ್ಮ ಎರಡು ಬಾರಿ ಹೊರಗೆ ಬಂದು, ನನ್ನ ಮುಖ ನೋಡಿ, ಒಳಗೆ ಹೋದಳು. "ಏನು?" ಎಂದರೆ "ಏನಿಲ್ಲ ಬಿಡ್ರಿ" ಎಂದಳು. ಅಷ್ಟರಲ್ಲಿ ಧ್ರುವ ಬಿದ್ದು ಮಂಡಿ ತರಚಿಕೊಂಡ. ಅವನನ್ನು ಸಮಾಧಾನ ಮಾಡುವ ಗಲಾಟೆಯಲ್ಲಿ ಹೊರಟೇಬಿಟ್ಟೆವು.

ಅದು ಎಲ್ಲ ಸ್ಟೇಷನ್ನುಗಳಲ್ಲಿಯೂ ನಿಲ್ಲುವ ಗಾಡಿ. ಮಾಕಳಿದುರ್ಗದ ಬಳಿ ಹಳಿ ಬೆಟ್ಟವನ್ನು ಬಳಸಿಕೊಂಡು ಹೋಗುವಾಗ, ನಮ್ಮ ರೈಲಿನ ಮುಂದಿನ ಡಬ್ಬಿಗಳೇ ಕಿಟಕಿಯಿಂದ ಕಾಣುವುದನ್ನು ಕಂಡು ಚಿನ್ಮಯಿ ಕುಣಿದಾಡಿದಳು. ಮೂವತ್ತೈದು ವರ್ಷಗಳ ಹಿಂದೆ ಅವಳಪ್ಪನೂ ಅಲ್ಲಿಯೇ ಹೀಗೆ ಕುಣಿದಿದ್ದ. ಅದನ್ನು ಹೇಳಬೇಕೆನ್ನುವಷ್ಟರಲ್ಲಿ ಧ್ರುವ ಕೆಮ್ಮಿದ. ಮತ್ತೆ ಕೆಮ್ಮಿದ. ಕಿಟಕಿಯಿಂದ ಧೂಳು ಬರುತ್ತಿತ್ತು. ಸುಮಾ ಗಾಜನ್ನು ಇಳಿಸಿ, ಅವನನ್ನು ನೇರವಾಗಿ ಕೂರಿಸಿಕೊಂಡು, "ಅತ್ತೆ, ಪುಟ್ಟನ ಇನ್ಹೇಲರ್ ಕೊಡಿ" ಎಂದಳು.

ಜಯಮ್ಮ ಕಾಲ ಬಳಿಯಿದ್ದ ಚೀಲಗಳನ್ನು ತಡಕಿದಳು. "ಅಯ್ಯೋ, ಅದು ಪರಸ್ಥಾನದ ಚೀಲದಲ್ಲಿ ಐತಲ್ಲ ಸುಮಾ. ನೀನು ತಂದಿದ್ದೀಯ ಅಂದ್ಕೊಂಡೆ."

"ನೀವೇ ತರ್ತೀನಿ ಅಂದ್ರಲ್ಲ ಅತ್ತೆ?"

"ಯಾರ ಮನೆಯಲ್ಲಿ ಇಟ್ಟಿದ್ದೆ?" ಎಂದು ನಾನು ಕೇಳಿದೆ. ಜಯಮ್ಮ ಸುಮಾಳ ಕಡೆ ನೋಡಿದಳು, ಸುಮಾ ಮಂಜುನಾಥನ ಕಡೆ. ಕೊನೆಗೆ ಚಿನ್ಮಯಿಯೇ, "ಎದುರುಮನೆ ತಾತನ ಮನೇಲಿ. ನಿಂಗೆ ಹೇಳ್ಬಾರ್ದು ಅಂದಿದ್ರು ಅಜ್ಜಿ" ಎಂದಳು.

ನಾನು ಏನು ಹೇಳುತ್ತಿದ್ದೆನೋ ತಿಳಿಯದು. ಆದರೆ ಆ ಮಗುವಿನ ಎದೆಯಿಂದ ಹೊರಡುತ್ತಿದ್ದ ಸಿಳ್ಳೆಯಂಥ ಸದ್ದು ನನ್ನ ಬಾಯಿ ಕಟ್ಟಿತು. ಮಂಜುನಾಥ ಆಗಲೇ ಫೋನು ಹಚ್ಚಿದ್ದ. ಅವರ ನಂಬರು ಅವನ ಬಳಿ ಇತ್ತೆಂಬುದೂ ನನಗೆ ಅಂದೇ ತಿಳಿದದ್ದು. ಫೋನು ಎತ್ತಿದ್ದು ಗಂಗಮ್ಮ.

"ಅವ್ರು ಆಗ್ಲೇ ಹೊರಟ್ರು ಕಣಪ್ಪ" ಎಂದು ಆಕೆ ಹೇಳಿದ್ದು ನಮಗೆಲ್ಲ ಕೇಳಿಸಿತು. "ನಿಮ್ ಆಟೋ ಹೋಗಿ ಸ್ವಲ್ಪ ಹೊತ್ತಾದ್ಮೇಲೆ ಚೀಲ ನೋಡಿದ್ರು. ಬಿಚ್ಚಿ ನೋಡಿದ್ರೆ ಮಗೂ ಔಷಧಿ. ಸ್ಟೇಷನ್ಗೆ ಹೋಗೋ ಹೊತ್ಗೆ ಗಾಡಿ ಬಿಟ್ಬಿಟ್ಟಿತ್ತಂತೆ. ಹಂಗೇ ಸ್ಕೂಟರ್ನಲ್ಲಿ ಗೌರಿಬಿದನೂರಿಗೆ ಹೋಗ್ತೀನಿ ಅಂತ ಫೋನ್ ಮಾಡಿದ್ರು."

ಮಂಜುನಾಥ ಗೌರಿಬಿದನೂರಿನಲ್ಲಿ ಇಳಿದು ಆಸ್ಪತ್ರೆಗೆ ಹೋಗೋಣವೆಂದ. ಸುಮಾ ಒಪ್ಪಿದಳು. ಇಳಿದರೆ ಪ್ರವಾಸ ಅಲ್ಲಿಗೆ ಮುಗಿದಂತೆ. ಆ ಕ್ಷಣದಲ್ಲಿ ನನಗೆ ಪ್ರವಾಸದ ಚಿಂತೆ ಇರಲಿಲ್ಲ. ಆದರೆ ಇಳಿಯಬೇಕಾದರೂ ಗಾಡಿ ಗೌರಿಬಿದನೂರು ತಲುಪಬೇಕಲ್ಲ. ತೊಂಡೇಬಾವಿಯಲ್ಲಿ ಅದು, ಇನ್ನೊಂದು ಗಾಡಿಗೆ ದಾರಿ ಬಿಡಲೆಂದು ನಿಂತೇ ನಿಂತಿತು. ಅಲ್ಲಿ ಕಾದ ಹೊತ್ತಿಗಿಂತ ದೀರ್ಘವಾದ ಹೊತ್ತು ನನ್ನ ನೆನಪಿನಲ್ಲಿಲ್ಲ. ಸುಮಾ ಮಗುವಿನ ಬೆನ್ನು ನೀವುತ್ತ, "ನಿಧಾನಕ್ಕೆ ಉಸಿರು ಬಿಡು ಕಂದ, ಮೇಣದಬತ್ತಿ ಊದೋ ಹಂಗೆ" ಎನ್ನುತ್ತಿದ್ದಳು. ಧ್ರುವ ಊದುತ್ತಿದ್ದ. ಪ್ರತಿ ಸಲವೂ ಅವನ ಪುಟ್ಟ ಹೆಗಲು ಮೇಲೇರುತ್ತಿತ್ತು.

ಗಾಡಿ ಗೌರಿಬಿದನೂರಿನ ಪ್ಲಾಟ್‌ಫಾರಂ ಸೇರುವಾಗ ನಾನು ಬಾಗಿಲಿನಲ್ಲಿ ನಿಂತಿದ್ದೆ. ಕೆಳಗೆ ಒಬ್ಬ ಮುದುಕ; ಮನೆಯಲ್ಲಿ ಉಡುವ ಪಂಚೆ, ಬನಿಯನ್ನು, ತಲೆಯ ಮೇಲೆ ಹೆಲ್ಮೆಟ್ಟು. ಕೆಂಪು ಚೀಲವನ್ನು ಎರಡೂ ಕೈಗಳಲ್ಲಿ ಮೇಲೆತ್ತಿ ಹಿಡಿದು ಅವನು ಗಾಡಿಯ ಜೊತೆಗೇ ಹೆಜ್ಜೆ ಹಾಕುತ್ತಿದ್ದ. ನಾನು ಕೈ ಚಾಚಿದೆ. ಅವನು ಚೀಲವನ್ನು ನನಗೆ ಕೊಡಲಿಲ್ಲ. ನನ್ನ ಕೈ ಹಿಡಿದು ಹತ್ತಿ, ನೇರವಾಗಿ ಸುಮಾಳ ಬಳಿಗೆ ಹೋದ.

ಅವಳು ಮಗುವಿನ ಮುಖಕ್ಕೆ ಔಷಧಿಯ ಮಾಸ್ಕು ಹಿಡಿದಳು. ಮಗು ಹೆದರಿ ಒದೆಯತೊಡಗಿತು. ರಾಮಾಂಜಿನಪ್ಪ ನೆಲದ ಮೇಲೆ ಕುಳಿತು ಅದರ ಎರಡೂ ಪಾದಗಳನ್ನು ಅಂಗೈಯಲ್ಲಿ ಹಿಡಿದುಕೊಂಡು, "ಎಲ್ಲಿ, ನನ್ ಹೆಲ್ಮೆಟ್ ಬೇಕಾ? ತಗೋ, ಇದೂ ಒಂದ್ ಮಾಸ್ಕೇ" ಎಂದು ಅದನ್ನು ತಾನೇ ಹಿಂದುಮುಂದಾಗಿ ಹಾಕಿಕೊಂಡ. ಮಗು ಒದೆಯುವುದನ್ನು ಬಿಟ್ಟು ನೋಡಿತು. ಸ್ವಲ್ಪ ಹೊತ್ತಿನಲ್ಲಿ ಆ ಸಿಳ್ಳೆಯ ಸದ್ದು ಸಣ್ಣದಾಯಿತು. ಸುಮಾ ಮಗುವಿನ ಎದೆಗೆ ಕಿವಿಯಿಟ್ಟು ಕೇಳಿ, "ಇಳೀತಿದೆ" ಎಂದಳು. ಆಗ ನಾವೆಲ್ಲ ತಲೆಯೆತ್ತಿ ನೋಡಿದರೆ ಗಾಡಿ ಊರು ದಾಟಿ ಹೊಲಗಳ ನಡುವೆ ಓಡುತ್ತಿತ್ತು.

ನನ್ನ ಬಾಯಿಂದ ಮಾತು ಹೊರಟಿತು. "ಟಿಕೆಟ್ ಇಲ್ಲದೆ ರೈಲು ಹತ್ತುವುದು ಅಪರಾಧ."

ಮೂವತ್ತೈದು ವರ್ಷಗಳ ಮೇಲೆ ಅವನೊಡನೆ ನಾನಾಡಿದ ಮೊದಲ ಮಾತದು. ರಾಮಾಂಜಿನಪ್ಪ ಹೆಲ್ಮೆಟ್ ತೆಗೆದು, ಬೆವರು ಒರೆಸಿಕೊಂಡ.

"ಆವತ್ತು ನೀನೇ ತೆಗೆಸಿದ್ಯಲ್ಲೋ ಸಿದ್ದಪ್ಪ. ಅದಿನ್ನೂ ನಡೆಯಲ್ವಾ?"

ಜಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನು ನಗಲಿಲ್ಲ. ಮಂಜುನಾಥ ಎದ್ದು ಕಿಟಕಿಯ ಬಳಿಯ ಜಾಗ ಬಿಟ್ಟುಕೊಟ್ಟ. ನನ್ನ ಎದುರಿನ ಜಾಗ ಅದು. ಸುಮಾ ಬಾಳೆಲೆಯಲ್ಲಿ ಕಟ್ಟಿದ್ದ ಚಿತ್ರಾನ್ನದ ಪೊಟ್ಟಣ ಬಿಚ್ಚಿ ಕೊಟ್ಟಳು. ಅವನು ಹಸಿದವನಂತೆ ತಿಂದ. ಅರ್ಧ ತಿಂದ ಮೇಲೆ, ನಾನು ಕೇಳದಿದ್ದರೂ, ಹೇಳಿದ.

"ನಮ್ ಗಂಗಿಗೆ ಆಗ ಚಿಕ್ಕೋನಿನ್ನೂ ಕೈಗೂಸು. ನೀನು ದಿನಕ್ಕೊಂದೂರು, ಕೋಳಿ ಕೂಗೋಕ್ ಮುಂಚೆ ಏಳ್ಬೇಕು ಅಂತ ಹೇಳ್ದಾಗ್ಲೆಲ್ಲ ಅವಳು ಮನೇಲಿ ಕೂತು ಅಳೋಳು. ನಂಗಾಗಲ್ಲ, ಈ ಓಡಾಟದಲ್ಲಿ ಮಗೂನ ಕಳ್ಕೊಂಡ್ಬಿಡ್ತೀನಿ ಅನ್ನೋಳು."

"ಹೇಳಬಹುದಿತ್ತು."

"ನಿಂಗಾ? ಬಸ್ ಸ್ಟ್ಯಾಂಡಲ್ಲಿ ಡ್ರೈವರ್ಗಳೇ ನಿನ್ ಮುಂದೆ ಕೆಮ್ತಿರ್ಲಿಲ್ಲ. ನಾನ್ಯಾವ ಲೆಕ್ಕ ಗುರು? ಇವತ್ ಹೇಳಣ, ನಾಳೆ ಹೇಳಣ ಅಂತಿದ್ದೆ. ಹೊರಡೋ ದಿನಾನೇ ಬಂದ್ಬಿಡ್ತು."

"ಆಮೇಲಾದರೂ ಬರಬಹುದಿತ್ತು."

"ಬಂದ್ನಲ್ಲಪ್ಪ. ನೀನು ಬಾಗ್ಲಲ್ಲೇ ನಿಂತ್ಕೊಂಡು 'ಯಾರು ಬೇಕಾಗಿತ್ತು?' ಅಂದೆ."

ಹಾಗೆ ಕೇಳಿದ್ದು ನಿಜ. ಆ ಪ್ರಶ್ನೆ ಉಚಿತವಾಗಿಯೇ ಇತ್ತೆಂಬುದು ಇಂದಿಗೂ ನನ್ನ ಅಭಿಪ್ರಾಯ. ಬರಲಾಗದವನು ಬರಲಾಗುವುದಿಲ್ಲವೆಂದು ಹೇಳಬೇಕು; ಅದು ಕನಿಷ್ಠ ಮರ್ಯಾದೆ. ಇದನ್ನು ಅವನಿಗೂ ಹೇಳಿದೆ. ಅವನು "ಹೂಂ" ಎಂದ. ಉಳಿದ ಚಿತ್ರಾನ್ನ ಮುಗಿಸಿ ಎಲೆ ಮಡಚಿದ. ಧ್ರುವ ಅವನ ತೊಡೆಯ ಮೇಲೆ ನಿದ್ದೆ ಹೋಗಿದ್ದ.

"ಊರಲ್ಲಿ ಬೇರೆ ಸೈಟುಗಳು ಇರಲಿಲ್ಲವೇ? ನನ್ನ ಎದುರಿಗೇ ಏಕೆ ಕಟ್ಟಿಸಿದೆ?" ಎಂದು ಕೇಳಿದೆ.

"ಇದ್ವು" ಎಂದು ಅವನು ಕಿಟಕಿಯಾಚೆ ನೋಡಿದ.

ಹಿಂದೂಪುರದಲ್ಲಿ ಇಳಿದ ಕೂಡಲೇ ನಾನು ಅವನನ್ನು ಟಿಕೆಟ್ ಪರೀಕ್ಷಕರ ಬಳಿಗೆ ಕರೆದೊಯ್ದು, ನಡೆದದ್ದನ್ನು ವಿವರಿಸಿ, ಕಟ್ಟಬೇಕಾದ ದಂಡವನ್ನು ಕಟ್ಟಿಸಿದೆ. "ಇವನು ಬದಲಾಗಲ್ಲ ಕಣಮ್ಮ" ಎಂದು ಅವನು ಸುಮಾಳಿಗೆ ಹೇಳಿದ. ಆಮೇಲೆ, ವಾಪಸು ಗಾಡಿ ಬರುವವರೆಗೂ, ನಾವಿಬ್ಬರೂ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತು ಟೀ ಕುಡಿದೆವು. ಸ್ಕೂಟರಿನ ಕೀಲಿಯನ್ನು ಅದರಲ್ಲಿಯೇ ಬಿಟ್ಟು ಬಂದದ್ದು ಆಗ ಅವನಿಗೆ ನೆನಪಾಯಿತು. ಪುಣ್ಯಕ್ಕೆ ಅದು ಗೌರಿಬಿದನೂರಿನಲ್ಲಿ ನಿಲ್ಲಿಸಿದಲ್ಲಿಯೇ ಇತ್ತು.

ಪ್ರವಾಸ ಸುಮಾ ಹೇಳಿದಂತೆಯೇ ನಡೆಯಿತು. ಲೇಪಾಕ್ಷಿಯ ನಂದಿ, ಬಳ್ಳಾರಿಯ ಕೋಟೆ, ಹಂಪಿಯ ಕಲ್ಲುಗಳು ಎಲ್ಲವನ್ನೂ ಮಕ್ಕಳು ಕಂಡರು. ಆದರೂ ಅವರಿಗೆ ಹೆಚ್ಚು ಇಷ್ಟವಾದದ್ದು, ಏನನ್ನೂ ನೋಡದೆ ವಸತಿಗೃಹದ ಮಹಡಿಯಿಂದ ಗೂಡ್ಸ್ ಗಾಡಿಗಳ ಡಬ್ಬಿ ಎಣಿಸಿದ ದಿನ. ಅಂದು ನಾನೂ ಎಣಿಸಿದೆ.

ಈ ಬೇಸಿಗೆಗೆ ಎರಡೂ ಮನೆಯವರು ಕೂಡಿ ಮೈಸೂರಿನ ಕಡೆ ಹೋಗುವುದೆಂದು ಮಾತಾಗಿದೆ. ಮೊನ್ನೆ ಸಂಜೆ ನಮ್ಮ ಜಗಲಿಯಲ್ಲಿ ನಾನು ಐದು ಊರುಗಳನ್ನು ಸೂಚಿಸಿದಾಗ ರಾಮಾಂಜಿನಪ್ಪ ಲೋಟ ಕೆಳಗಿಟ್ಟ.

"ಎರಡೇ ಊರು. ಬೆಳಗ್ಗೆ ತಿಂಡಿ ಆದ್ಮೇಲೆ ಹೊರಡೋದು. ಇಲ್ಲಾಂದ್ರೆ ನಾವ್ ಬರಲ್ಲ ಕಣೋ, ಈಗ್ಲೇ ಹೇಳ್ಬಿಟ್ಟಿದೀನಿ."

ನನ್ನ ಮುಖಕ್ಕೇ, ನನ್ನ ಜಗಲಿಯಲ್ಲಿಯೇ ಕುಳಿತು ಹಾಗೆಂದ. ನನಗೆ ಬೇಸರವಾಗಲಿಲ್ಲ. ಆ ಒಂದು ಮಾತಿಗಾಗಿ ನಾನು ಮೂವತ್ತೈದು ವರ್ಷ ಕಾದಿದ್ದೆ.