ಬಂಪರ್ ನೆಗ್ಗಿಸಿದ ಶುದ್ಧ ಇಂಗ್ಲಿಷ್

ಕೇಳ್ರಿ ಇಲ್ಲಿ, ಇವತ್ತ ನಮ್ಮ ಕಾರಿನ ಬಂಪರ್ ನೆಗ್ಗಿದ್ದು ನನ್ನ ಪಾಠದಿಂದ.

ಈ ಅರಬ್ ನಾಡಿನ ಮಂಗಫ್‌ನಾಗ ನಮ್ಮ ಮನ್ಯಾಗ ಕೊರಿಯಾದ ಎಂಜಿನಿಯರುಗಳಿಗೆ ಇಂಗ್ಲಿಷ್ ಕಲಸ್ತೀನಿ. ಅವರ ಬಾಯಾಗ ‘ಸ್ಟಾಪ್’ ಹೋಗಿ ‘ಸುತೊಪ್’ ಆಗೇತಿ. "ಅದು ನಿಮ್ಮ ಕೊರಿಯನ್, ಇಂಗ್ಲಿಷ್ ಅಲ್ಲ" ಅಂತ ಒಂದು ತಾಸು ತಿದ್ದಿದೆ.

ಪಾಠ ಮುಗಿಸಿ ಕೆಳಗ ಬಂದ್ರ ನಮ್ಮನಿಯವರು ಕಾರು ರಿವರ್ಸ್ ತಗೊಳ್ಳಾಕತ್ತಿದ್ರು, ಹಿಂದ ಕಬ್ಬಿಣದ ಕಸದ ಡಬ್ಬಿ. ಶಿಷ್ಯ ಕಿಮ್ ಕೈ ಎತ್ತಿ "ಸು..." ಅಂದಾಂವ, ನನ್ನ ಮಾರಿ ನೋಡಿ ಗಪ್ ಆದ. ತುಟಿ ಸರಿ ಮಾಡ್ಕೊಂಡು, ಉಸಿರು ಎಳ್ಕೊಂಡು, ಚೊಕ್ಕ "ಸ್ಟಾಪ್!" ಅನ್ನೂದ್ರಾಗ ಢಬ್!

ಕಿಮ್ ನಡಾ ಬಗ್ಗಿಸಿ ನನಗ ಕೇಳಿದ, "ಟೀಚರ್, ಈಗ ಕರೆಕ್ಟ್?"

ಇವರು ಕಾರಿನಿಂದ ಇಳಿದು, "ಬಂಪರ್ ಹಾಳಾಗಿ ಹೋಗ್ಲಿ, ಮೊದ್ಲ ಅವಂಗ ಫುಲ್ ಮಾರ್ಕ್ಸ್ ಕೊಡು!" ಅಂದ್ರು.

ಕೊಟ್ಟೆ.