ಬಂಡೆಯ ಆಚೆ ಕೇಳಿದ ಕೊಂಕಣಿ

ಇಂಥ ಕಥೆಯನ್ನು ಯಾರಾದರೂ ಹೇಳಲು ಶುರುಮಾಡಿದರೆ, "ರಾತ್ರಿ ನಿದ್ದೆ ಸರಿ ಆಗಿಲ್ವಾ?" ಎಂದು ಬಾಯಿ ಮುಚ್ಚಿಸುತ್ತಿದ್ದವಳು ನಾನು. ಅಬುಧಾಬಿಯ ಆಸ್ಪತ್ರೆಯೊಂದರ ಕೌಂಟರಿನಲ್ಲಿ ವರ್ಷಗಟ್ಟಲೆ ಕೂತವಳಿಗೆ ದೆವ್ವ, ಪವಾಡ ಎಲ್ಲ ಹಿಡಿಸುವುದಿಲ್ಲ. ಈಗ ನೀವು ನನ್ನನ್ನೇ ಹಾಗೆ ಕೇಳಿದರೂ ನನಗೆ ಬೇಸರವಿಲ್ಲ.

ನನ್ನ ಗಂಡ ಲಾರೆನ್ಸ್‌ಗೆ ಸ್ಟ್ರೋಕ್ ಆಗಿ ಮಾತು ನಿಂತುಹೋಗಿತ್ತು. ಕೈಕಾಲು ನಿಧಾನಕ್ಕೆ ಸರಿಯಾದವು, ನಾಲಿಗೆ ಮಾತ್ರ ಏಳಲಿಲ್ಲ. ಮಾತು ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಲಿಫ್ಟಿನಲ್ಲಿ ಸಿಕ್ಕವರನ್ನೆಲ್ಲ ನಗಿಸುತ್ತಿದ್ದ ಮನುಷ್ಯ ಗೋಡೆ ನೋಡುತ್ತ ಕೂತುಬಿಟ್ಟರು. ಯಾರೇನು ಕೇಳಿದರೂ ಅವರ ಬದಲು ನಾನೇ ಉತ್ತರ ಹೇಳುತ್ತಿದ್ದೆ. ಒಳಗೊಳಗೆ ಮಾತ್ರ, ಒಂದೇ ಒಂದು ಸಲ ಅವರ ದನಿ ಕೇಳಿಸು ದೇವರೇ ಎಂದು ಅಳುತ್ತಿದ್ದೆ.

ಮೇಲಿನ ಫ್ಲಾಟಿನ ಹಮೀದ್ ಉಳ್ಳಾಲದ ಬ್ಯಾರಿ ಹುಡುಗ, ಮುಸಫ್ಫಾದ ವರ್ಕ್‌ಶಾಪಿನಲ್ಲಿ ಕೆಲಸ. "ಅಕ್ಕ, ಜನ ಇಲ್ಲದ ಒಂದು ದ್ವೀಪ ಉಂಟು. ಅಲ್ಲಿ ಬಿಸಿನೀರಿನ ಬುಗ್ಗೆ. ನನ್ನ ಪರಿಚಯದವರ ಬೋಟ್ ಸಿಗ್ತದೆ. ಅಣ್ಣನನ್ನು ಒಮ್ಮೆ ಕೂರಿಸುವ. ಯಲ್ಲಾ, ಹೊರಡುವ!" ಎಂದು ಬೆನ್ನುಬಿದ್ದ. ನಂಬಿಕೆಯಿಂದಲ್ಲ, ಅವನ ಕಾಟ ತಡೆಯಲಾರದೆ ಹೊರಟೆ.

ದ್ವೀಪವೆಂದರೆ ಬರೀ ಉಪ್ಪುಮಣ್ಣು, ಕುರುಚಲು ಗಿಡ. ನಡುವೆ ಹಬೆಯಾಡುವ ಒಂದು ಹೊಂಡ, ಅದನ್ನು ಎರಡು ಮಾಡಿದ ದೊಡ್ಡ ಬಂಡೆ. ಗಂಡಸರು ಆಚೆ, ಹೆಂಗಸರು ಈಚೆ ಎಂದ ಬೋಟಿನ ಅರಬ್ ಅಜ್ಜ. ಅದು ಅಲ್ಲಿನ ಪದ್ಧತಿಯಂತೆ. ಲಾರೆನ್ಸ್ ಜೊತೆ ಹಮೀದ್ ಇರುತ್ತಾನಲ್ಲ ಎಂದು ನಾನು ಈಚೆ ಕಾಲು ಇಳಿಬಿಟ್ಟು ಕೂತೆ.

ಸ್ವಲ್ಪ ಹೊತ್ತಿಗೆ ನಗು ಕೇಳಿತು. ಲಾರೆನ್ಸ್ ನಗು! ಆಮೇಲೆ ಮಾತು. ಬಂಗುಡೆ ಸಾರಿಗೆ ಹುಳಿ ಜಾಸ್ತಿ ಬೇಡ, ಶುಂಠಿ ಹಾಕು ಎಂದು ಸ್ಪಷ್ಟವಾಗಿ ಹೇಳುತ್ತಿದ್ದರು. ಎದುರಿನವರ ದನಿ ಕೇಳಿಸಲಿಲ್ಲ. ಹೋದರೆ ಎಲ್ಲಿ ಮಾತು ನಿಂತೀತೋ ಎಂಬ ಹೆದರಿಕೆಗೆ, ಬಾಯಿಗೆ ಸೆರಗು ಒತ್ತಿಕೊಂಡು ಅಲ್ಲೇ ಕೂತು ಅತ್ತೆ. ಹಮೀದನಿಗೆ ಎಷ್ಟು ಒಳ್ಳೆಯದು ಬಯಸಿದರೂ ಸಾಲದು ಅನ್ನಿಸಿತು.

ಆಗ ಹೊಳೆಯಿತು. ಲಾರೆನ್ಸ್ ಆಡುತ್ತಿದ್ದುದು ನಮ್ಮ ಕೊಂಕಣಿ. ಹಮೀದನಿಗೆ ಬ್ಯಾರಿ, ತುಳು, ಕನ್ನಡ ಬರುತ್ತದೆ. ಕೊಂಕಣಿಯ ಗಂಧವೂ ಇಲ್ಲ.

ಪದ್ಧತಿಯನ್ನೆಲ್ಲ ಬದಿಗಿಟ್ಟು ಆಚೆ ಓಡಿದೆ. ಲಾರೆನ್ಸ್ ಒಬ್ಬರೇ ಇದ್ದರು. ಹಮೀದ್ ಮತ್ತು ಅಜ್ಜ ದೂರದಲ್ಲಿ ಬೋಟಿನ ಪಕ್ಕ ನಮಾಜಿಗೆ ನಿಂತಿದ್ದರು. "ಯಾರ ಹತ್ತಿರ ಮಾತಾಡಿದ್ದು ನೀವು?" ಎಂದು ಕೇಳಿದೆ. ಅವರು ಬಾಯಿ ತೆರೆದರು, ದನಿ ಬರಲಿಲ್ಲ.

ಆ ವಾರವೇ ಮನೆಯಲ್ಲಿ "ಚಾ" ಅಂದರು. ಆಮೇಲೆ ಒಂದೊಂದೇ ಮಾತು ಬಂತು. ಹೀಗೆ ಆಗುವುದುಂಟು ಎಂದರು ಡಾಕ್ಟರು. ಒಪ್ಪಿದೆ. ಪೂರ್ತಿ ಮಾತು ಬಂದ ಮೇಲೆ, ಅವತ್ತು ಹೊಂಡದ ಹತ್ತಿರ ಯಾರಿದ್ದರು ಎಂದು ಮತ್ತೆ ಕೇಳಿದೆ.

"ಎಂತ ಕೇಳ್ತೀ ಮಾರಾಯ್ತಿ? ನೀನೇ ಅಲ್ವಾ ಪಕ್ಕದಲ್ಲಿ ಕೂತದ್ದು? ಇವತ್ತು ಎಂತ ಸಾರು ಮಾಡ್ಲಿ ಅಂತ ನೀನೇ ಕೇಳಿದ್ದು. ಕೇಳಿ, ನಾನು ಹೇಳುವವರೆಗೆ ಸುಮ್ಮನೆ ಕಾದದ್ದು."

ನಾನು ಬಂಡೆಯ ಈಚೆ ಇದ್ದೆ. ಅಷ್ಟು ಮಾತ್ರ ನನಗೆ ಖಂಡಿತ ಗೊತ್ತು. ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ದಿನವೂ, ಆಚೆ ಕೂತಿದ್ದ ಅವಳಿಗೆ ಉಪಕಾರವಾಯಿತು ಎಂದು ಹೇಳುತ್ತೇನೆ. ಯಾವ ಹೆಸರು ಹಿಡಿದು ಹೇಳುವುದು? ನಾನು ಒಂದು ಸಲವೂ ಹಾಗೆ ಕಾದವಳಲ್ಲ; ನನ್ನದೇ ಹೆಸರು ಹೇಳಲು ನಾಚಿಕೆಯಾಗುತ್ತದೆ.