ಕೇಳಿದರೆ ಆರಾಮ್ರಿ

ಹಿಂದಿನ ಸಂಜೆ ಎಲ್ಲ ಸರಿಯಿತ್ತು. ಕೊಟ್ಟೂರಿನ ಬಸ್ ಸ್ಟ್ಯಾಂಡ್ ಎದುರಿನ ನಮ್ಮ ಟೈಲರ್ ಅಂಗಡಿಯಲ್ಲಿ ನಮ್ಮ ಮನೆಯವರು ಮಷಿನ್ ತುಳಿಯುತ್ತಾ, ಬಸ್ಸಿಳಿದವರನ್ನು ಮಾತಾಡಿಸುತ್ತಿದ್ದರು. ಕುರಿಮರಿ ಹೊತ್ತಿದ್ದ ಒಬ್ಬರಿಗೆ, "ಆರಾಮೇನ್ರಿ?" ಅಂದರು.

"ಆರಾಮ್ರಿ," ಅಂದು ಅವರು ನಕ್ಕು ಹೋದರು.

"ಯಾರವ್ರು?" ಅಂದೆ.

"ಯಾರಿಗ್ಗೊತ್ತಲೇ? ಮಾತಾಡ್ಸಾಕ ಪರಿಚಯ ಬೇಕೇನು?"

"ಹಂಗ ನನ್ನೂ ಒಮ್ಮಿ ಕೇಳ್ರಿ."

"ನಿನ್ನ ಕೇಳಿದ್ರ ಬೆಳಗಾಗೋತನ ಹೇಳ್ತಿ."

ಬೆಳಿಗ್ಗೆ ಅವರ ಬಲಗೈಯಿಂದ ಚಹಾದ ಲೋಟ ಜಾರಿತು. ಆಟೋದಲ್ಲಿ ಹತ್ತಿರದ ಆಸ್ಪತ್ರೆಗೆ ಕರೆದೊಯ್ದೆ.

ನರ್ಸ್, "ಆರಾಮೇನ್ರಿ ಯಜಮಾನ್ರೆ?" ಅಂದಳು.

"ಆರಾಮ್ರಿ."

"ಮಾತಾಡ್ತಾರಲ್ಲಮ್ಮ, ಗಾಬರಿ ಆಗಬ್ಯಾಡ್ರಿ. ಕುಂದ್ರಿ."

ನನಗೂ ಧೈರ್ಯ ಬಂತು. ನಮ್ಮ ಕಡೆ ಆ ಪ್ರಶ್ನೆಗೆ ಬೇರೆ ಉತ್ತರವೇ ಇಲ್ಲ. ಜ್ವರದಲ್ಲಿ ನಡುಗುವವರೂ ಮೊದಲು ಆರಾಮ್ರಿ ಅಂದು, ಆಮೇಲೆ ಜ್ವರದ ಮಾತು ತೆಗೆಯುತ್ತಾರೆ. ಅದು ನನಗಾಗಲಿ ಅವಳಿಗಾಗಲಿ ಹೊಳೆಯಲಿಲ್ಲ. ಬೆಂಚಿನ ಮೇಲೆ ಕೂತೆವು. ಮಧ್ಯಾಹ್ನದ ಹೊತ್ತಿಗೆ ಬಾಯಿ ಸೊಟ್ಟಗಾಯಿತು.

ದಾವಣಗೆರೆಯಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರು, "ಸ್ಟ್ರೋಕ್ ಆಗಿದೆ. ಬರೋದು ತಡವಾಯ್ತು" ಅಂದರು.

ಬಲಭಾಗ ಹೋಯಿತು. ಮಾತೆಲ್ಲ ಹೋಯಿತು.

ಆರಾಮ್ರಿ ಒಂದೇ ಉಳಿಯಿತು.

ಬಾಯಾರಿದರೂ ಅದೇ, ಹಾಸಿಗೆ ಒದ್ದೆಯಾದರೂ ಅದೇ. ಬೆನ್ನಿನ ಹುಣ್ಣು ಒರೆಸುವಾಗ ಕಣ್ಣಲ್ಲಿ ನೀರು, ಬಾಯಲ್ಲಿ ಆರಾಮ್ರಿ. ಎಲ್ಲಿ ನೋವು, ತೋರಿಸ್ರಿ ಅಂದರೆ ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ಹಣೆ, ಉಸಿರು ನೋಡಿ ನಾನು ಊಹಿಸಬೇಕಿತ್ತು. ಎಷ್ಟೋ ಸಲ ನೀರು ಬೇಕಾದಾಗ ಮಾತ್ರೆ ಕೊಟ್ಟಿರಬೇಕು.

ಅಂಗಡಿ ಮುಂದೆ ಕುರ್ಚಿ ಹಾಕಿ ಕೂರಿಸಿದೆ. ಹೋಗಿಬರುವವರಿಗೆಲ್ಲ "ಆರಾಮ್ರಿ?" ಅನ್ನುತ್ತಿದ್ದರು. ಕೆಲವು ದಿನ ಜನ ಉತ್ತರ ಕೊಟ್ಟರು. ಆಮೇಲೆ ರಸ್ತೆಯ ಆ ಬದಿಗೆ ಸರಿದು ನಡೆದರು. ನಮ್ಮಲ್ಲೇ ಹೊಲಿಸುವ ಒಬ್ಬರು, "ಒಳಗ ಕುಂದ್ರಸ್ರಿ ಅಕ್ಕಾರ, ಜೊಲ್ಲು ಸುರಿಸ್ಕೊಂತ ಕುಂತಾರ. ನೋಡಾಕ ಆಗಲ್ಲ" ಅಂದರು.

ಇವರಿಗೆ ಮಾತು ಹೋಗಿತ್ತು. ಕಿವಿ ಚುರುಕಾಗಿತ್ತು.

ಒಂದು ದಿನ ತಂಬ್ರಹಳ್ಳಿ ಕಡೆಯ ಹೆಂಗಸೊಬ್ಬಳು ಬಸ್ಸಿಗೆ ಕಾಯುತ್ತಾ ನಮ್ಮ ನೆರಳಿಗೆ ಬಂದಳು. "ಆರಾಮ್ರಿ?" ಅಂದರು ಇವರು.

"ಆರಾಮ್ರಿ ಯಣ್ಣ. ನೀವು?"

ಇವರು ಮತ್ತೆ ಕೇಳಿದರು. ಅವಳು ಮತ್ತೆ ಹೇಳಿದಳು. ಬಸ್ಸು ಬರುವವರೆಗೂ ಬೇಸರವಿಲ್ಲದೆ ಹೇಳಿದಳು. ಅಂದು ಇವರು ಹೊಟ್ಟೆ ತುಂಬ ಉಂಡರು. ಅವಳಿಗೆ ನಾನು ಋಣಿ. ಮತ್ತೆ ಅವಳು ಕಾಣಲಿಲ್ಲ.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಅವರ ಮೈ ಬೆವರುತ್ತಿತ್ತು. ಎಡಗೈ ನನ್ನ ಸೆರಗನ್ನು ಬಿಗಿಯಾಗಿ ಹಿಡಿದಿತ್ತು. ಏನಾಗ್ತೈತ್ರಿ ಅಂದೆ.

ಆರಾಮ್ರಿ ಅಂದರು. ಆಂಬುಲೆನ್ಸ್ ಬರುವ ಮೊದಲೇ ಹೋದರು.

ಈಗ ಬಸ್ಸಿಳಿದವರನ್ನು ನಾನು ಮಾತಾಡಿಸುತ್ತೇನೆ. ಆರಾಮ್ರಿ ಅಂದವರ ಮುಖವನ್ನು ಇನ್ನೊಂದು ಸಲ ನೋಡುತ್ತೇನೆ. ಕೆಲವರು ನಿಂತು ಎರಡು ಮಾತಾಡುತ್ತಾರೆ.

ಸೆರಗು ಹಿಡಿದ ಆ ಬೆಳಿಗ್ಗೆ ಅವರಿಗೆ ಎಲ್ಲಿ ನೋಯುತ್ತಿತ್ತು ಎಂಬುದು ನನಗೆ ಇನ್ನೂ ಗೊತ್ತಿಲ್ಲ.